ಬಾಗಿಲ ಪಕ್ಕದ ಮೊಳೆ

ಎರಡು ಕಡಲುಗಳ ನಡುವಿನ ಗಂಟಲಿನಲ್ಲಿ ನಮ್ಮೂರು ಇದೆ. ಆ ಕಡಲಿನ ನೀರು ಈ ಕಡಲಿಗೆ ಹೋಗುವುದಿದ್ದರೂ ಈ ಕಡಲಿನದು ಆ ಕಡಲಿಗೆ ಹೋಗುವುದಿದ್ದರೂ ನನ್ನ ಚಾದಂಗಡಿಯ ಮುಂದೆಯೇ ಹಾದು ಹೋಗಬೇಕು, ಬೇರೆ ದಾರಿಯಿಲ್ಲ. ಎರಡೂ ಬೆಚ್ಚಗಿನ ಕಡಲುಗಳು. ಕಾಲಿಟ್ಟರೆ ಯಾರೋ ಈಗ ತಾನೇ ಮಿಂದು ಎದ್ದುಹೋದ ನೀರಿನ ಹಾಗಿರುತ್ತದೆ. ದಂಡೆಯುದ್ದಕ್ಕೂ ಊರು ಹಗ್ಗದಂತೆ ಚಾಚಿಕೊಂಡಿದೆ. ಒಂದು ತುದಿಗೆ ಬಂಡೆಕೇರಿ, ಇನ್ನೊಂದು ತುದಿಗೆ ಹೊಯ್ಗೆಕೇರಿ, ನಟ್ಟನಡುವೆ ನಾನು.

ನೀರು ಯಾವ ಕೇರಿಯನ್ನು ಮೊದಲು ಮುಟ್ಟುತ್ತದೋ ಆ ಕೇರಿಯವರು ಮೊದಲ ನೀರಿನವರು. ಅವರು ಮಿಂದು, ಬಲೆ ತೊಳೆದು, ಪಾತ್ರೆ ಬೆಳಗಿ ಬಿಟ್ಟ ನೀರು ಮುಟ್ಟುವವರು ಎಂಜಲು ನೀರಿನವರು. ಮೊದಲ ನೀರಿನವರು ಚಪ್ಪಲಿ ಮೆಟ್ಟಬಹುದು, ನನ್ನ ಅಂಗಡಿಯ ಎತ್ತರದ ಬೆಂಚಿನ ಮೇಲೆ ಕೂತು ಗಾಜಿನ ಲೋಟದಲ್ಲಿ ಚಾ ಕುಡಿಯಬಹುದು, ಸತ್ತರೆ ಎಂಜಲು ನೀರಿನವರ ಹೆಗಲೇರಿ ಮೂಲೆಗುಡ್ಡಕ್ಕೆ ಹೋಗಬಹುದು. ಎಂಜಲು ನೀರಿನವರು ಬರಿಗಾಲಲ್ಲಿ ನಡೆಯಬೇಕು, ಕೆಳಗೆ ಮರಳಲ್ಲಿ ಕುಕ್ಕರಗಾಲಲ್ಲಿ ಕೂತು ಕರಟದಲ್ಲಿ ಚಾ ಕುಡಿಯಬೇಕು, ಊರಿನ ಮೀನಿನ ಕರುಳೆಲ್ಲ ಬಗೆಯಬೇಕು. ಅವರು ಸತ್ತರೆ ಹೆಗಲಿಲ್ಲ. ಹಲಗೆಯ ಮೇಲೆ ಮಲಗಿಸಿ, ಹಲಗೆಗೆ ಹಗ್ಗ ಕಟ್ಟಿ, ಮರಳಿನಲ್ಲಿ ಎಳೆದುಕೊಂಡು ಹೋಗುವುದು. ನೀರು ತಿರುಗಿದ ದಿನ ಇದೆಲ್ಲವೂ ತಿರುಗುತ್ತದೆ.

ನೀರು ಯಾವ ಕಡೆ ಹೋಗುತ್ತಿದೆ ಎಂದು ಕೂಗಿ ಹೇಳುವುದು ನಮ್ಮ ಮನೆತನದ ಕೆಲಸ. ಕೆಮ್ಮಣ್ಣು ಬಳಿದ ಸೋರೆಬುರುಡೆಯೊಂದನ್ನು ಬೆಳಗಾಗುತ್ತಲೇ ನೀರಿಗೆ ಬಿಡುತ್ತೇವೆ. ಅದು ಹೋದ ದಿಕ್ಕನ್ನು ಕೂಗುತ್ತೇವೆ, ಆಮೇಲೆ ಒಲೆ ಹಚ್ಚುತ್ತೇವೆ. ನಡುವಿನವರಾದ ನಮಗೆ ಎಲ್ಲ ಕಾಲಕ್ಕೂ ಒಂದು ಕೇರಿಯ ಎಂಜಲು ಬರುತ್ತದೆ, ಎಲ್ಲ ಕಾಲಕ್ಕೂ ನಮ್ಮ ಎಂಜಲು ಇನ್ನೊಂದು ಕೇರಿಗೆ ಹೋಗುತ್ತದೆ. ಆದ್ದರಿಂದ ನಮಗೆ ಒಂದು ಕಾಲಿಗೆ ಮಾತ್ರ ಚಪ್ಪಲಿ. ಎಡಗಾಲಿಗೆ. ಅಭ್ಯಾಸವಾದರೆ ಅದೇನು ಕಷ್ಟವಲ್ಲ, ಸೊಂಟ ಸ್ವಲ್ಪ ವಾಲುತ್ತದೆ ಅಷ್ಟೆ.

ನನ್ನ ಅಜ್ಜನ ಕಾಲದಲ್ಲಿ ನೀರಿಗೆ ಸ್ಥಿರಬುದ್ಧಿ ಇರಲಿಲ್ಲ. ಒಂದು ಮಳೆಗಾಲದಲ್ಲಿ ಎರಡು ಮೂರು ಸಲ ತಿರುಗಿಬಿಡುತ್ತಿತ್ತು, ಮತ್ತೆ ವರ್ಷಗಟ್ಟಲೆ ಸುಮ್ಮನಿರುತ್ತಿತ್ತು. ಅದಕ್ಕೇ ಎರಡೂ ಕೇರಿಯ ಪ್ರತಿ ಮನೆಯಲ್ಲೂ ಬಾಗಿಲ ಎಡಪಕ್ಕದ ಗೋಡೆಗೆ ಒಂದು ಮೊಳೆ. ತಿರುಗಿದ ದಿನ ಒಂದು ಕೇರಿಯವರು ಚಪ್ಪಲಿ ಬಿಚ್ಚಿ ಮೊಳೆಗೆ ತೂಗುಹಾಕುತ್ತಿದ್ದರು, ಇನ್ನೊಂದು ಕೇರಿಯವರು ಮೊಳೆಯಿಂದ ಇಳಿಸಿ ಧೂಳು ಕೊಡವಿ ಮೆಟ್ಟುತ್ತಿದ್ದರು. ಆ ಕಾಲದಲ್ಲಿ ಬೈಗುಳ ಕೂಡ ಅಳತೆಯಲ್ಲಿರುತ್ತಿತ್ತಂತೆ. ಇವತ್ತು ಯಾರ ಮುಖಕ್ಕೆ ಉಗಿದೆಯೋ ನಾಳೆ ಅವರ ಮನೆಯ ಮೀನಿನ ಕರುಳು ಬಗೆಯಬೇಕಲ್ಲ! ಒಳ್ಳೆಯತನದಿಂದ ಅಲ್ಲ, ಹೆದರಿಕೆಯಿಂದ ಜನ ಮನುಷ್ಯರಾಗಿದ್ದರು. ಹೆದರಿಕೆಯಿಂದಾದರೂ ಆಗಿದ್ದರು.

ಆಮೇಲೆ ನೀರು ತಿರುಗುವುದನ್ನೇ ಬಿಟ್ಟಿತು. ನಾನು ಎರಡು ಜಡೆಯ ಹುಡುಗಿಯಾಗಿದ್ದಾಗ ಅಪ್ಪ ಬಿಟ್ಟ ಬುರುಡೆ ಬಂಡೆಕೇರಿಯ ಕಡೆಯಿಂದ ಹೊಯ್ಗೆಕೇರಿಯ ಕಡೆಗೆ ಹೋಯಿತು. ಮರುದಿನವೂ ಹೋಯಿತು. ಅಪ್ಪ ಸತ್ತು ಬುರುಡೆ ನನ್ನ ಕೈಗೆ ಬಂತು, ನನ್ನ ತಲೆ ನರೆಯಿತು, ಬುರುಡೆ ಹೋಗುತ್ತಲೇ ಇತ್ತು. ಬಂಡೆಕೇರಿಯವರು ಮೊದಮೊದಲು ಮೊಳೆಗಳನ್ನು ಹಾಗೇ ಬಿಟ್ಟಿದ್ದರು, ಕೊಡೆ ಗಿಡೆ ತೂಗುಹಾಕುತ್ತಿದ್ದರು. ನಂತರ ಕಿತ್ತರು. ಕಿತ್ತ ತೂತಿಗೆ ಸುಣ್ಣ ಮೆತ್ತಿದರು. ಬಂಡೆ ಯಾವತ್ತೂ ಮೊದಲೇ, ಹೊಯ್ಗೆ ಯಾವತ್ತೂ ಎಂಜಲೇ ಎಂದು ಮಕ್ಕಳಿಗೆ ಹೇಳಿಕೊಟ್ಟರು. ಮಕ್ಕಳು ಅದನ್ನೇ ನಂಬಿ ಬೆಳೆದು ಮೀಸೆ ಬಿಟ್ಟರು. ನಾನು ಇಡುತ್ತಿದ್ದ ಕರಟವೂ ಬೇಡವಾಯಿತು, ಹೊಯ್ಗೆಯವರು ತಮ್ಮ ಕರಟ ತಾವೇ ತರಬೇಕೆಂದಾಯಿತು. ದಾರಿಯಲ್ಲಿ ಬಂಡೆಯವರು ಎದುರಾದರೆ ನೀರಿಗಿಳಿದು ನಿಲ್ಲಬೇಕೆಂದಾಯಿತು. ನನ್ನ ಬೆಂಚು ಕೂಡ ಬೆಳೆಯಿತು. ಬಂಡೆಕೇರಿಯ ಯಜಮಾನ ಹಮ್ಮಣ್ಣ ಎರಡು ಮೂರು ವರ್ಷಕ್ಕೊಮ್ಮೆ ಬಡಗಿಯನ್ನು ಕರೆತಂದು ಅದರ ಕಾಲುಗಳಿಗೆ ತುಂಡು ಕೂಡಿಸಿ ಎತ್ತರಿಸುತ್ತಿದ್ದ. ಈಗ ಅದನ್ನು ಹತ್ತಲು ಮೆಟ್ಟಿಲು ಬೇಕು. ಕೂತವರ ತಲೆ ಮಾಡಿಗೆ ತಾಗುತ್ತದೆ, ಚಾ ಕೊಡಲು ನಾನು ಕೈ ಮೇಲೆತ್ತಬೇಕು. "ಹಮ್ಮಣ್ಣೊಡೆಯರೇ, ಇನ್ನೊಂದು ತುಂಡು ಸೇರಿಸಿದ್ರೆ ಮಾಡು ತೆಗೀಬೇಕು" ಎಂದೆ ಒಮ್ಮೆ. "ತೆಗಿ" ಎಂದ.

ಹೊಯ್ಗೆಕೇರಿಯ ಜಟ್ಟಿ ಹೆಣ ಹೊರುವವರ ಮುಂದಾಳು. ನಮ್ಮಲ್ಲಿ ಹೆಣ ಹೊರುವುದು ಸುಮ್ಮನೆ ಎತ್ತಿಕೊಂಡು ಹೋಗುವುದಲ್ಲ. ಮೂಲೆಗುಡ್ಡದ ದಾರಿ ಪೂರ್ತಿ ಪಾಚಿಗಲ್ಲು. ನಾಲ್ವರ ಕಾಲೂ ಒಟ್ಟಿಗೆ ಬೀಳಬೇಕು. ಜಟ್ಟಿ ಚಟ್ಟದ ಮುಂದಿನ ಬಲಗಡೆಯ ಬಿದಿರ ಗಳು ಹಿಡಿದು "ಎಡಕ್ಕೆ ಹೂಂ, ಬಲಕ್ಕೆ ಹಾಂ" ಎಂದು ಕೂಗುತ್ತಿದ್ದ. ಅವನು ಕೂಗಿದರೆ ಹೆಣದ ಮೇಲಿಟ್ಟ ಹೂವು ಕೂಡ ಅಲುಗುತ್ತಿರಲಿಲ್ಲ. ಎಷ್ಟು ಜನರನ್ನು ಹೊತ್ತನೋ ಅವನಿಗೇ ಗೊತ್ತಿಲ್ಲ. ಹೊತ್ತು ಇಳಿಸಿದ ಮೇಲೆ ಸತ್ತವರ ಮನೆಯವರು ಹೊತ್ತವರಿಗೆ ನೀರು ಕೊಡುವುದು ಪದ್ಧತಿ. ಕೊಡುವುದೆಂದರೆ ಎತ್ತರದಿಂದ ಸುರಿಯುವುದು, ಇವರು ಬೊಗಸೆಯೊಡ್ಡಿ ಕುಡಿಯುವುದು.

ಅವನ ಮಗಳು ಸೋಮಿ. ತಾಯಿ ಇಲ್ಲದ ಮಗು, ಅಪ್ಪನೇ ಸಾಕಿದ್ದು. ಅವಳು ನಡೆಯಲು ಕಲಿತ ವರ್ಷ ಜಟ್ಟಿ ಬೆರಳುದ್ದದ ಒಂದು ಜೊತೆ ಚಪ್ಪಲಿ ಹೊಲಿದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ. ನೀರು ತಿರುಗಿದರೆ ಮಗಳಿಗೆ ಬೇಕಲ್ಲ ಎಂದು. ಅವಳ ಪಾದ ಬೆಳೆದಂತೆ ಪ್ರತಿ ವರ್ಷ ಬಲೆಪೂಜೆಯ ದಿನ ಹೊಸ ಜೊತೆ ಹೊಲಿದು ಹಳೆಯದನ್ನು ಬುಟ್ಟಿಗೆ ಹಾಕುತ್ತಿದ್ದ. ಒಂದನ್ನೂ ಮೆಟ್ಟಿರಲಿಲ್ಲ. ಆ ಬುಟ್ಟಿ ನೋಡಿದರೆ ಆ ಮನೆಯಲ್ಲಿ ಎಷ್ಟೋ ಹುಡುಗಿಯರು ಹುಟ್ಟಿ ಮಾಯವಾದ ಹಾಗೆ ಕಾಣುತ್ತಿತ್ತು. ಸೋಮಿ ಕರುಳು ಬಗೆಯುವ ಕಟ್ಟೆಯಲ್ಲೇ ದೊಡ್ಡವಳಾದಳು. ಅವಳ ಕತ್ತಿ ಚೂಪು, ನಾಲಗೆ ಅದಕ್ಕಿಂತ. "ಅಪ್ಪಾ, ನನ್ನ ಕಾಲು ಬೆಳೆಯೂದು ನಿಂತು ಎಷ್ಟೋ ಕಾಲ ಆಯ್ತು. ನೀನು ಹೊಲಿಯೂದು ಯಾವಾಗ ನಿಲ್ಲಿಸ್ತಿ?" ಎಂದು ಕೇಳುತ್ತಿದ್ದಳು. "ತೊಗಲು ಒಣಗಿ ಹೋಗ್ತದೆ ಮಗಾ. ತಿರುಗಿದ ದಿನ ಬಿರುಕು ಬಿಟ್ಟ ಚಪ್ಪಲಿ ಮೆಟ್ಟಿ ಹೋಗ್ತೀಯಾ? ಮಾನ ಉಂಟಾ?" ಎನ್ನುತ್ತಿದ್ದ ಜಟ್ಟಿ.

ಈ ಸಲದ ಮಳೆಗಾಲ ಬೇರೆ ಥರ ಬಂತು. ನೆಲದ ಮೇಲೆ ಅಷ್ಟಿಲ್ಲ, ಕಡಲ ಮೇಲೆ ಸುರಿದದ್ದೇ ಸುರಿದದ್ದು. ಸಿಹಿನೀರು ಉಪ್ಪುನೀರಿನ ಮೇಲೆ ಹಾಲಿನ ಕೆನೆಯಂತೆ ಹಾಸಿಕೊಂಡಿತು. ಕಡಲಿನ ಬಾಯಿ ಮುಚ್ಚಿದ ಹಾಗಾಗಿ ಬುರುಡೆಯ ನಡಿಗೆ ನಿಧಾನವಾಯಿತು. ಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ಮರೆಯಾಗುತ್ತಿದ್ದುದು ನಾನು ಒಲೆ ಹಚ್ಚಿ ಬಂದರೂ ಕಾಣುತ್ತಿತ್ತು. ಒಂದು ಬೆಳಗ್ಗೆ ಬಿಟ್ಟರೆ ಅದು ಹೋಗಲೇ ಇಲ್ಲ. ಕಟ್ಟಿಹಾಕಿದ ಕರುವಿನಂತೆ ನನ್ನ ಕಟ್ಟೆಯ ಮುಂದೆ ತಲೆಯಾಡಿಸುತ್ತ ನಿಂತಿತು. ನಾನು ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ನಿಂತ ನೀರಿಗೆ ನಮ್ಮ ಮನೆತನದಲ್ಲಿ ಕೂಗು ಇರಲಿಲ್ಲ. ಕೊನೆಗೆ "ನಿಂತಿದೆ" ಎಂದೆ, ಕೂಗಲೂ ಇಲ್ಲ, ಸುಮ್ಮನೆ ಹೇಳಿದೆ. ಅರ್ಧ ಗಳಿಗೆಯಲ್ಲಿ ಇಡೀ ಊರು ದಂಡೆಗೆ ಬಂತು.

ಅದೇ ಹೊತ್ತಿಗೆ ಆಳಕ್ಕೆ ಬಿಟ್ಟ ಬಲೆಗಳು ಬಂಡೆಕೇರಿಯ ಕಡೆಗೆ ಹೊಟ್ಟೆ ಬಿಡತೊಡಗಿದ್ದವು. ಎಲ್ಲರೂ ನೋಡಿದರು, ಯಾರಿಗೂ ಅದು ಗುಟ್ಟಲ್ಲ. ಮೇಲೆ ನೀರು ನಿಂತಿತ್ತು, ಕೆಳಗೆ ಅದು ಹೊಯ್ಗೆಯಿಂದ ಬಂಡೆಯ ಕಡೆಗೆ ಹರಿಯುತ್ತಿತ್ತು.

ಜಟ್ಟಿ ಆಗಲೇ ಹಾಸಿಗೆ ಹಿಡಿದಿದ್ದ. ಎದೆಯಲ್ಲಿ ಗೊರಗೊರ. ನಾನು ಶುಂಠಿ ಕಷಾಯ ಒಯ್ದಿದ್ದೆ. ಒಳಗೆ ಕಾಲಿಡುವ ಮೊದಲೇ ಕೇಳಿದ, "ಹೊನ್ನಾ, ಬುರುಡೆ ಎತ್ತ ಹೋಯ್ತು?"

"ಎತ್ತಲೂ ಹೋಗ್ಲಿಲ್ಲ ಜಟ್ಟಣ್ಣ. ನಿಂತದೆ."

"ನಿಲ್ಲೂದು ಅಂದ್ರೆ ತಿರುಗೂದಕ್ಕೆ ಮೊದಲು ಉಸಿರು ತೆಗೆಯೂದು" ಎಂದು ನಕ್ಕ. ನಗು ಕೆಮ್ಮಾಯಿತು. "ನನ್ನ ಉಸಿರು ಅದರ ಉಸಿರಿಗಿಂತ ಗಟ್ಟಿ ಇದ್ರೆ ಸಾಕು. ಸೋಮೀ, ಇಲ್ಲಿ ಕೇಳು. ನನ್ನನ್ನ ಹಲಗೆ ಮೇಲೆ ಎಳೀಬೇಡಿ. ಆ ದಾರಿ ಕಲ್ಲೆಲ್ಲ ನನ್ನ ಹಿಮ್ಮಡಿಗೆ ಗೊತ್ತು, ತಲೆ ತಗ್ಗಿಸಿ ನಡೆದವ ನಾನು. ಒಂದು ಸಲ ಮೇಲಿಂದ ನೋಡ್ಬೇಕು, ಹೊತ್ತುಕೊಂಡು ಹೋಗೂವಾಗ ಆ ದಾರಿ ಹೆಂಗೆ ಕಾಣ್ತದೆ ಅಂತ."

ಸೋಮಿ ಕಷಾಯದ ಲೋಟ ಅವನ ತುಟಿಗೆ ಹಿಡಿದಳು. "ಹೊರ್ತಾರೆ" ಎಂದಳು. ಅಷ್ಟೇ. ಅವಳು ಆಣೆಯಿಟ್ಟು ಹೇಳಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಅವತ್ತೇ ಮಧ್ಯಾಹ್ನ ಅಂಗಡಿಯ ಮುಂದೆ ಎರಡೂ ಕೇರಿ ಸೇರಿತು. ಬೆಂಚಿನ ಮೇಲಿಂದ ಹಮ್ಮಣ್ಣ ಹೇಳಿದ, "ನಿಂತ ನೀರು ಅಂದ್ರೆ ಹಳೇ ನೀರೇ. ಬುರುಡೆ ಇನ್ನೊಂದು ದಿಕ್ಕಿಗೆ ಹೋಗೂವರೆಗೆ ಹಳೇದೇ ನಡೀತದೆ. ಎಲ್ಲ ಕೆಲಸಕ್ಕೆ ಹೋಗಿ."

ಮರಳಲ್ಲಿ ಕೂತಿದ್ದ ಸೋಮಿ ಎದ್ದಳು. "ಒಡೆಯರೇ, ನಿಮ್ಮ ಬಲೆ ಎತ್ತ ಹೊಟ್ಟೆ ಬಿಟ್ಟದೆ?"

"ಬಲೆ ಮಾತು ಯಾಕೆ? ಕಟ್ಟಳೆ ಇರೂದು ಬುರುಡೆಗೆ."

"ಆಯ್ತು, ಬುರುಡೆಯೇ ಆಗ್ಲಿ" ಎಂದು ಅವಳು ನೀರಿಗಿಳಿದು ನನ್ನ ಬುರುಡೆಯನ್ನು ಹಿಡಿದಳು. ಮೀನಿನ ಬುಟ್ಟಿಯೊಂದಕ್ಕೆ ಕಲ್ಲು ಹಾಕಿ, ಉದ್ದ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಬುರುಡೆಯ ಕೊರಳಿಗೆ ಬಿಗಿದಳು. ದೋಣಿಯಲ್ಲಿ ನಡುನೀರಿಗೆ ಹೋಗಿ ಬುಟ್ಟಿಯನ್ನು ಇಳಿಬಿಟ್ಟಳು. ಬುಟ್ಟಿ ಕೆಳಗಿಳಿಯುತ್ತ ಹೋಯಿತು, ಹಗ್ಗ ಬಿಗಿಯಿತು. ಬುರುಡೆ ಒಮ್ಮೆ ಮುಳುಗಿ ಎದ್ದು, ಯಾರೋ ಕಿವಿ ಹಿಡಿದು ಎಳೆದಂತೆ ಬಂಡೆಕೇರಿಯ ಕಡೆಗೆ ಹೊರಟಿತು. ಮರಳಿನಿಂದ ಒಂದು ಕೇಕೆ ಎದ್ದಿತು. ಬೆಂಚಿನ ಮೇಲೆ ಯಾರೂ ಚಾ ಹೀರಲಿಲ್ಲ.

"ಇವಳು ಕಲ್ಲು ಕಟ್ಟಿ ನೀರನ್ನ ಎಳೀತಿದ್ದಾಳೆ! ಕಾಣೂದು ಮೇಲಿನ ನೀರು. ಕಾಣದ ನೀರಿಗೆ ನ್ಯಾಯ ಕೇಳೂದಾ? ಹೊನ್ನಾ, ನೀನು ಹೇಳು. ಬುರುಡೆ ಯಾರದು? ಹೇಳು!" ಹಮ್ಮಣ್ಣ ಬೆಂಚಿನ ಮೇಲೆ ಎದ್ದುನಿಂತು ಮಾಡಿಗೆ ತಲೆ ಬಡಿದುಕೊಂಡ.

ನಾನು ಕಂಡದ್ದನ್ನು ಹೇಳಿದೆ. "ಮೇಲೆ ನಿಂತದೆ. ಕೆಳಗೆ ತಿರುಗಿದೆ. ಯಾವುದನ್ನ ನೀರು ಅನ್ಬೇಕು ಅಂತ ನನ್ನ ಅಪ್ಪ ನನಗೆ ಹೇಳ್ಲಿಲ್ಲ." ಬಂಡೆಯವರು ನನ್ನನ್ನು ಎರಡು ನಾಲಗೆಯವಳು ಎಂದರು. ಹೊಯ್ಗೆಯವರೂ ಅದನ್ನೇ ಎಂದರು. ಇಷ್ಟು ವರ್ಷಗಳಲ್ಲಿ ಎರಡೂ ಕೇರಿ ಒಪ್ಪಿದ ಒಂದೇ ಮಾತು ಅದು.

ಜಟ್ಟಿಯ ಉಸಿರು ನೀರಿಗಿಂತ ಮೊದಲು ಸೋತಿತು. ಮರುದಿನ ಬೆಳಗ್ಗೆ ನಾನು ಬಿಟ್ಟ ಬುರುಡೆ ಮತ್ತೆ ಅಲ್ಲೇ ನಿಂತು ತಲೆಯಾಡಿಸುತ್ತಿತ್ತು, ಅವನು ಹೋಗಿಬಿಟ್ಟಿದ್ದ. ಹೊಯ್ಗೆಕೇರಿಯವರು ಅಳುತ್ತಲೇ ಹಲಗೆ ತಂದು ಅಂಗಳದಲ್ಲಿಟ್ಟರಂತೆ, ಹಗ್ಗವನ್ನೂ ತಂದರಂತೆ. ಸೋಮಿ ಹಗ್ಗವನ್ನು ಬಾವಿಗೆಸೆದು, ಹಲಗೆಯನ್ನು ಕಾಲಲ್ಲಿ ಒದ್ದು, ಚಟ್ಟ ಕಟ್ಟಲು ಎರಡು ಬಿದಿರ ಗಳು ತರಲು ಹೇಳಿದಳು. ತಮ್ಮ ಹೆಗಲಿಗೇ ಏರಿಸುವ ಧೈರ್ಯ ಅವರಿಗೂ ಇರಲಿಲ್ಲ. ಸೊಂಟದ ಮಟ್ಟಕ್ಕೆ ಕೈಯಲ್ಲಿ ಹಿಡಿದುಕೊಂಡು ನಡುವಿನವರೆಗೆ ಬಂದರು. ಸೋಮಿ ಮುಂದೆ. ಅವಳ ಕಾಲಲ್ಲಿ ಚಪ್ಪಲಿ. ಮೊಳೆಯಿಂದ ಇಳಿಸಿದ ಹೊಸ ತೊಗಲಿನ, ಎಣ್ಣೆಯ ಘಮ ಇನ್ನೂ ಆರದ ಚಪ್ಪಲಿ. ನನ್ನ ಅಂಗಡಿಗೆ ಬಂದವಳು ಒಂದು ಮಾತೂ ಕೇಳದೆ ಮೆಟ್ಟಿಲ ಮೇಲೆ ಹತ್ತಿಸಿ ಅಪ್ಪನನ್ನು ಗಳುವಿನ ಸಮೇತ ಎತ್ತರದ ಬೆಂಚಿನ ಮೇಲೆ ಮಲಗಿಸಿದಳು. ಅವನ ಮುಂಡಾಸನ್ನು ಸುತ್ತಿ ತಲೆಯ ಕೆಳಗಿಟ್ಟಳು. ಕಣ್ಣು ಮುಚ್ಚಲು ಒಬ್ಬಳು ಕೈ ಚಾಚಿದಾಗ ತಡೆದಳು. "ಬೇಡ. ಅಪ್ಪನಿಗೆ ದಾರಿ ನೋಡ್ಬೇಕು."

ಬೆಳಗಿನ ಚಾಕ್ಕೆ ಬಂದ ಹಮ್ಮಣ್ಣ ಕೆಳಗೆ ನಿಂತು ಬೆಂಚನ್ನು ನೋಡಿದ. ಅವನು ಆ ಬೆಂಚನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು.

"ನನ್ನ ಬೆಂಚು!"

"ಅಪ್ಪ ಕೂತಿಲ್ಲ. ಮಲಗಿದ್ದಾನೆ ಅಷ್ಟೆ" ಎಂದಳು ಸೋಮಿ. "ನಾಲ್ಕು ಹೆಗಲು ಕೊಡಿ, ಬೆಂಚು ಖಾಲಿ ಮಾಡ್ತೇನೆ."

"ಬುರುಡೆ ನೋಡೇ! ತಿರುಗಿಲ್ಲ!"

"ಹೋಗೂದೂ ಇಲ್ಲ. ನಿಂತದೆ. ಅಂದ್ಮೇಲೆ ಇವತ್ತು ನಾನು ಎಂಜಲಲ್ಲ, ನೀನು ಮೊದಲಲ್ಲ. ಸತ್ತವರನ್ನ ಹೊರೂದಕ್ಕೆ ಯಾವ ನೀರು ಬೇಕು ಹಮ್ಮಣ್ಣಾ?"

ಅವನನ್ನು ಹೊಯ್ಗೆಕೇರಿಯವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. ಅವನ ಹಿಂದಿದ್ದ ಪಡ್ಡೆ ಹುಡುಗರು ಮುನ್ನುಗ್ಗಿದರು. ಹಮ್ಮಣ್ಣನ ಮಗ ನೇಮು, ಎತ್ತರದ ಆಳು, ಮೆಟ್ಟಿಲ ಮೇಲೆ ಕಾಲಿಟ್ಟ. ಸೋಮಿ ಸೊಂಟದಿಂದ ಕರುಳು ಬಗೆಯುವ ಕತ್ತಿ ತೆಗೆದು ಬೆಂಚಿನ ಮೇಲೆ ಅಪ್ಪನ ಕಾಲ ಬಳಿ ಇಟ್ಟಳು. ಝಳಪಿಸಲಿಲ್ಲ, ಇಟ್ಟಳು. ನೇಮು ಕಾಲು ಹಿಂದಕ್ಕೆ ತೆಗೆದ.

ಬಿಸಿಲೇರಿತು. ಮಳೆ ಬಿಟ್ಟ ಬಿಸಿಲು, ಚರ್ಮ ಸುಲಿಯುವಂಥದ್ದು. ಹೊಯ್ಗೆಯ ಹೆಂಗಸರು ಯಾರೂ ಹೇಳದೆಯೇ ಕಟ್ಟೆಯ ಕೆಲಸ ನಿಲ್ಲಿಸಿ ಬಂದು ಮರಳಲ್ಲಿ ಕೂತರು. ಬಗೆಯದ ಮೀನಿನ ರಾಶಿಯ ಮೇಲೆ ನೊಣ ಮುತ್ತಿ, ಗಾಳಿಯಿಲ್ಲದ ಹೊತ್ತಿನಲ್ಲಿ ವಾಸನೆ ಬಂಡೆಕೇರಿಯವರೆಗೂ ನಡೆದುಕೊಂಡು ಹೋಯಿತು. ಹೆಣಕ್ಕೆ ಹೆಚ್ಚು ಹೊತ್ತಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಸೋಮಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಸೆರಗಿನಿಂದ ಅಪ್ಪನ ಮುಖದ ನೊಣ ಓಡಿಸುತ್ತ ಕೂತಿದ್ದಳು. ಒಮ್ಮೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು, "ಹೊನ್ನಕ್ಕಾ, ನಾನು ಅಪ್ಪನನ್ನ ಕೊಳೆಸ್ತಿದ್ದೇನಾ?" ಒಂದು ಕೊಡ ತಣ್ಣೀರು ತಂದು ಬಟ್ಟೆ ಅದ್ದಿ ಕೊಟ್ಟೆ.

ಆಗ ಬಂದಳು ಮಂಕಾಳಜ್ಜಿ, ಹಮ್ಮಣ್ಣನ ತಾಯಿ. ಮನೆಯಿಂದ ಹೊರಬಿದ್ದು ವರ್ಷಗಳಾಗಿದ್ದವು, ಊರುಗೋಲು ಊರುತ್ತ ಬಂದಳು. ಅಷ್ಟು ದೂರ ಬಂದು ನನ್ನ ಮೆಟ್ಟಿಲ ಕೆಳಗಿನ ಹಂತದಲ್ಲಿ ಕೂತು ಏದುಸಿರು ಬಿಟ್ಟಳು. ಆಮೇಲೆ ಬಗ್ಗಿ ಎರಡೂ ಕಾಲಿನ ಚಪ್ಪಲಿ ಬಿಚ್ಚಿದಳು.

"ಹೊನ್ನಾ, ಇದನ್ನ ಎಲ್ಲಿ ತೂಗುಹಾಕೂದೇ? ನನ್ನ ಮನೆ ಮೊಳೆ ಇವ ಕಿತ್ತು ಬಿಸಾಡಿದ."

ನನ್ನ ಕಂಬದಲ್ಲಿ ಒಂಟಿ ಚಪ್ಪಲಿಗೆಂದು ಮೊಳೆಯಿತ್ತು. ಅದಕ್ಕೆ ತೂಗುಹಾಕಿದೆ.

"ಅಬ್ಬೇ! ಮರುಳು ಹಿಡೀತಾ ನಿನಗೆ? ಮೆಟ್ಟು ಅದನ್ನ!" ಹಮ್ಮಣ್ಣ ಕಿರುಚಿದ.

"ಸುಮ್ಮನಿರು. ಈ ಜಟ್ಟಿಯ ಅಬ್ಬೆಯನ್ನ ಹೊತ್ತವಳು ನಾನು. ಇದೇ ದಾರೀಲಿ. ಹೊಯ್ಗೆಗೆ ಮೊದಲ ನೀರು, ನಮಗೆ ಎಂಜಲು ಇದ್ದ ಕಾಲ. ಆಗ ನೀನು ನನ್ನ ಹೊಟ್ಟೇಲಿ ಇದ್ದಿ. ಹಾಗೆ ನೋಡಿದ್ರೆ ಹಮ್ಮೂ, ನೀನೂ ಹೊತ್ತಿದ್ದಿ." ಅವಳು ಬೆಂಚಿನ ಕಡೆ ಮುಖವೆತ್ತಿದಳು. "ಸೋಮಮ್ಮಾ, ನಿಮ್ಮಜ್ಜಿ ಭಾರೀ ಭಾರ ಇದ್ರು ಮಾರಾಯ್ತಿ. ತಿಂದು ಉಂಡು ಸುಖವಾಗಿ ಹೋದವರು. ಬಸುರಿ ಹೆಂಗಸು, ಗಳು ಹೆಗಲು ಕೊರೀತಿತ್ತು. ಈ ಜಟ್ಟಿ ಆಗ ಮೊದಲ ನೀರಿನ ಹುಡುಗ, ಕಾಲಲ್ಲಿ ಚಪ್ಪಲಿ. ತಲೆ ಮುಂಡಾಸು ಬಿಚ್ಚಿ, ಮಡಚಿ, ನನ್ನ ಹೆಗಲಿಗೂ ಗಳುವಿಗೂ ಮಧ್ಯೆ ತುರುಕಿದ. ಹಾಗೆ ಮಾಡ್ಬೇಕು ಅಂತ ಯಾವ ಕಟ್ಟಳೇಲೂ ಇರ್ಲಿಲ್ಲ."

ನೇಮು ಅಜ್ಜಿಯನ್ನೂ ಅಪ್ಪನನ್ನೂ ನೋಡಿದ. "ಅಜ್ಜೀ, ನಾವು ಯಾವತ್ತೂ ಕೆಳಗೆ ಇರ್ಲಿಲ್ಲ ಅಂತ ಅಪ್ಪ..."

"ನಮ್ಮ ಮನೆ ಬಾಗಿಲ ಎಡಕ್ಕೆ ಗೋಡೇಲಿ ಒಂದು ಕಡೆ ಸುಣ್ಣ ಉಬ್ಬಿದೆಯಲ್ಲ. ಸಣ್ಣವನಿದ್ದಾಗ ಅದನ್ನ ಉಗುರಲ್ಲಿ ಕೆರೆದು ಕೆರೆದು ನಿಮ್ಮಪ್ಪನ ಕೈಲಿ ಪೆಟ್ಟು ತಿಂತಿದ್ದಿ. ಅದೆಂತ ಅಂದುಕೊಂಡಿದ್ದಿ?"

ಪಡ್ಡೆಗಳಲ್ಲಿ ಒಬ್ಬೊಬ್ಬನ ಮುಖವನ್ನೂ ನಾನು ನೋಡುತ್ತಿದ್ದೆ. ಎಲ್ಲರ ಮನೆಯಲ್ಲೂ ಬಾಗಿಲ ಎಡಕ್ಕೆ ಸುಣ್ಣ ಉಬ್ಬಿದ ಜಾಗವಿತ್ತು. ಎಲ್ಲರೂ ಅದನ್ನು ಕೆರೆದು ಪೆಟ್ಟು ತಿಂದವರೇ.

ಮಂಕಾಳಜ್ಜಿ ಎದ್ದು ಗಳುವಿನ ತುದಿಗೆ ಹೆಗಲು ಕೊಟ್ಟಳು. ಮುದಿ ಹೆಗಲು, ಒಣಗಿದ ಸೋರೆಯ ಹಾಗಿತ್ತು. ಎತ್ತಲು ನೋಡಿದಳು. ಗಳು ಅಲುಗಲಿಲ್ಲ, ಅವಳೇ ನಡುಗಿದಳು. ಮತ್ತೊಮ್ಮೆ ಎತ್ತಲು ಹೋದಾಗ ನೇಮು "ಬಿಡಜ್ಜಿ, ಬಿಡು" ಎನ್ನುತ್ತ ಬಂದು ಚಪ್ಪಲಿಯನ್ನು ಕಾಲಿಂದ ಜಾಡಿಸಿ ಮರಳಿಗೆಸೆದ. ಅವನ ಬೆನ್ನಿಗೆ ಇನ್ನೊಬ್ಬ. ಆಮೇಲೆ ಇಬ್ಬರು, ಒಬ್ಬರನ್ನೊಬ್ಬರು ತಳ್ಳಿಕೊಳ್ಳುತ್ತ, ನಾಚುತ್ತ. ಹಮ್ಮಣ್ಣ ಅವರನ್ನು ತಡೆಯಲಿಲ್ಲ, ಸೇರಲೂ ಇಲ್ಲ. ಚಪ್ಪಲಿಯನ್ನು ಗಟ್ಟಿಯಾಗಿ ನೆಲಕ್ಕೆ ಬಡಿಯುತ್ತ ಮನೆಗೆ ಹೋದ.

ಹೆಣ ಎತ್ತಿದ್ದೇನೋ ಎತ್ತಿದರು. ಹೊರಲು ಬರಬೇಕಲ್ಲ! ನೇಮು ತಾಳೆಮರ, ಪಕ್ಕದವ ಮೊಣಕಾಲಿನಷ್ಟು. ಜಟ್ಟಿ ಒಂದು ಬದಿಗೆ ಜಾರಿದ. ಹಿಂದಿನವನು ಮುಂದಿನವನ ಹಿಮ್ಮಡಿ ತುಳಿದ. ಹೊಯ್ಗೆಯ ಹೆಂಗಸರು ಅಳುತ್ತಿದ್ದವರು ಬಾಯಿಗೆ ಸೆರಗು ಒತ್ತಿ ನಕ್ಕರು. "ಅಯ್ಯಯ್ಯೋ, ಕುಂಬಳಕಾಯಿ ಮೂಟೆ ಹೊತ್ತ ಹಾಗೆ! ನಮ್ಮ ಜಟ್ಟಣ್ಣನಿಗೆ ಎದ್ದು ಬೈಯ್ಬೇಕು ಅನ್ನಿಸ್ತದೆ ಈಗ." ಮಂಕಾಳಜ್ಜಿ ಊರುಗೋಲಿನಿಂದ ಮೊಮ್ಮಗನ ಮೊಣಕಾಲ ಹಿಂದೆ ತಿವಿದಳು, "ಬಗ್ಗು, ಬಗ್ಗಿ ನಡಿ. ಉದ್ದ ಇರೂದು ನಿನ್ನ ತಪ್ಪು, ಅವನದ್ದಲ್ಲ."

ಸೋಮಿ ಗಳುವಿನ ಮುಂದೆ ಹೋಗಿ ಅಪ್ಪನ ಕಡೆ ಮುಖ ಮಾಡಿ ನಿಂತಳು. ಅವನ ತೆರೆದ ಕಣ್ಣು ನೋಡುತ್ತ ಹಿಂದಕ್ಕೆ ಒಂದು ಹೆಜ್ಜೆ ಇಟ್ಟು ಕೂಗಿದಳು, "ಎಡಕ್ಕೆ ಹೂಂ." ಜಟ್ಟಿಯ ಗಂಟಲೇ ಅದು. ನಾಲ್ಕು ಎಡಗಾಲು ಎದ್ದವು. "ಬಲಕ್ಕೆ ಹಾಂ." ಹಾಗೇ ಹಿಮ್ಮುಖವಾಗಿ, ಪಾಚಿಗಲ್ಲುಗಳ ಮೇಲೆ, ಹೊಸ ಚಪ್ಪಲಿಯಲ್ಲಿ. ನಾನು ಒಂಟಿ ಚಪ್ಪಲಿಯಲ್ಲಿ ವಾಲುತ್ತ ಪಕ್ಕದಲ್ಲಿದ್ದೆ. ಅರ್ಧ ದಾರಿಗೆ ಅವಳ ಹಿಮ್ಮಡಿಯಿಂದ ರಕ್ತ ಬರುತ್ತಿತ್ತು. ಬರಿಗಾಲಲ್ಲೇ ಗಟ್ಟಿಯಾದ ಪಾದಕ್ಕೆ ತೊಗಲು ಕಚ್ಚಿತ್ತು. "ಬಿಚ್ಚಿಡು ಮಾರಾಯ್ತಿ, ಯಾರು ನೋಡ್ತಾರೆ" ಎಂದೆ. "ನೋಡ್ಲಿ ಅಂತಾನೇ ಹಾಕಿದ್ದು" ಎಂದು ಮತ್ತೆ ಕೂಗಿದಳು, "ಎಡಕ್ಕೆ ಹೂಂ."

ಮೂಲೆಗುಡ್ಡದ ಮೇಲಿಂದ ಎರಡೂ ಕಡಲು ಕಾಣುತ್ತವೆ. ನಡುವೆ ನಮ್ಮ ನೀರು, ಅವತ್ತು ಕನ್ನಡಿಯ ಹಾಗೆ. ಇಳಿಸಿದ ಮೇಲೆ ಸೋಮಿ ಅಪ್ಪನ ಮುಖವನ್ನು ಬಂದ ದಾರಿಯ ಕಡೆಗೆ ತಿರುಗಿಸಿ ಸ್ವಲ್ಪ ಹೊತ್ತು ಬಿಟ್ಟಳು. ಆಮೇಲೆ ತಾನೇ ಕಣ್ಣು ಮುಚ್ಚಿದಳು. ಮಣ್ಣು ಮುಗಿಯಿತು. ಹೊತ್ತವರು ಬೆವರು ಒರೆಸುತ್ತ ಸಾಲಾಗಿ ನಿಂತರು. ಅವಳು ನೀರಿನ ಬಿಂದಿಗೆ ತೆಗೆದುಕೊಂಡಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಕೈಗೇ ಕೊಡುತ್ತಾಳೇನೋ ಎಂದು ನನ್ನ ಮೆತ್ತಗಿನ ಮನಸ್ಸು ಅಂದುಕೊಂಡಿತ್ತು. ಇಲ್ಲ. ಬಿಂದಿಗೆಯನ್ನು ತಲೆಯ ಮೇಲಕ್ಕೆತ್ತಿ, ಅಪ್ಪನ ಬೊಗಸೆಗೆ ಬಂಡೆಯವರು ಜೀವಮಾನವಿಡೀ ಸುರಿದಷ್ಟೇ ಎತ್ತರದಿಂದ ಸುರಿದಳು. ನೇಮು ಬೊಗಸೆಯೊಡ್ಡಿದ. ಅರ್ಧ ಮೂಗಿಗೆ ಹೋಗಿ ಕೆಮ್ಮಿದ, ಕುಡಿದ. ನಾಲ್ವರೂ ಕುಡಿದರು. ಅವಳು ಒಂದು ಹನಿ ಕಡಿಮೆ ಮಾಡಲಿಲ್ಲ, ಒಂದು ಗೇಣು ತಗ್ಗಿಸಲಿಲ್ಲ. ಕೊನೆಗೆ, ಯಾರದೋ ತೋಳು ಹಿಡಿದು ಹೇಗೋ ಮೇಲೆ ಹತ್ತಿ ಬಂದಿದ್ದ ಮಂಕಾಳಜ್ಜಿಯ ಮುಂದೆ ಕೂತು, ಬಿಂದಿಗೆಯನ್ನು ಅವಳ ಮಡಿಲಲ್ಲಿಟ್ಟಳು.

ಮರುದಿನ ಬೆಳಗ್ಗೆ ನಾನು ಬುರುಡೆ ಬಿಟ್ಟಾಗ ಅದು ಅಲ್ಲೇ ನಿಂತಿತು. ಗಾಳಿಯಿಲ್ಲ, ಅಲೆಯಿಲ್ಲ. ಸೋಮಿ ಬಂದಳು. ಬೆಂಚು ಹತ್ತಲಿಲ್ಲ, ಮರಳಲ್ಲೂ ಕೂರಲಿಲ್ಲ. ನಡುವಿನ ಮೆಟ್ಟಿಲ ಮೇಲೆ ಕೂತು, ಹುಣ್ಣಾದ ಪಾದಗಳನ್ನು ಬಕೆಟ್ಟಿನ ನೀರಲ್ಲಿಟ್ಟುಕೊಂಡು ಗಾಜಿನ ಲೋಟದಲ್ಲಿ ಚಾ ಕೇಳಿದಳು. ಕೊಟ್ಟೆ. ಚಪ್ಪಲಿ ಪಕ್ಕದಲ್ಲಿತ್ತು.

ಆಗ ಕೇಳಿಸಿತು. ಬಂಡೆಕೇರಿಯ ಕಡೆಯಿಂದ, ಟಕ್ ಟಕ್. ಮೊದಲು ಒಂದು ಮನೆಯಿಂದ. ಸ್ವಲ್ಪ ಬಿಟ್ಟು ಅದರ ಪಕ್ಕದ ಮನೆಯಿಂದ. ಆಮೇಲೆ ಕೇರಿಯುದ್ದಕ್ಕೂ, ಒಂದರ ಮೇಲೊಂದು, ಮರಕುಟಿಗಗಳ ಹಿಂಡು ಬಂದಿಳಿದ ಹಾಗೆ. ಸುಣ್ಣ ಉಬ್ಬಿದ ಜಾಗದಲ್ಲಿ ಮೊಳೆ ಹೊಡೆಯುತ್ತಿದ್ದರು. ಎಲ್ಲ ನಿಂತ ಮೇಲೆ, ತುಂಬ ಹೊತ್ತು ಬಿಟ್ಟು, ತುದಿಯ ದೊಡ್ಡ ಮನೆಯಿಂದ ಒಂದು ಸುತ್ತಿಗೆ ಶುರುವಾಯಿತು. ಹಮ್ಮಣ್ಣನ ಮನೆಯದು. ಜೋರಾಗಿ ಎರಡು ಪೆಟ್ಟು, ನಡುವೆ ಗೋಡೆಯ ಸುಣ್ಣ ಉದುರಿದ ಸದ್ದು, ಒಂದು ಬೈಗುಳ, ಮತ್ತೆ ಪೆಟ್ಟು.

ಸೋಮಿ ಲೋಟವನ್ನು ತುಟಿಯಿಂದ ಇಳಿಸಿ ಕಿವಿಗೊಟ್ಟಳು.

"ಹಳೇ ತೂತು, ಮೊಳೆ ಹಿಡಿಯೂದಿಲ್ಲ" ಎಂದಳು. "ಮೊದಲು ಒಂದು ಮರದ ಚೂರು ತುರುಕಿ ಆಮೇಲೆ ಹೊಡೀಬೇಕು ಅಂತ ಯಾರಾದ್ರೂ ಹೋಗಿ ಹೇಳಿ ಅವ್ರಿಗೆ."